ಕೊಳ್ಳುವ ಮೊದಲು ಬುಡ ನೋಡಿ

ಮರದ ಬಟ್ಟಲೋ, ಟ್ರೇಯೋ, ಐಸ್ ಬಕೆಟ್ಟೋ, ಕೈಗೆ ಸಿಕ್ಕ ತಕ್ಷಣ ನಾನು ಮಾಡುವ ಮೊದಲ ಕೆಲಸ ಅದನ್ನು ಬೋರಲು ಹಾಕುವುದು. ಮೇಲ್ಭಾಗಕ್ಕೆ ಯಾರು ಬೇಕಾದರೂ ಎಣ್ಣೆ ತಿಕ್ಕಿ ಹೊಳಪು ಬರಿಸಬಹುದು. ಬುಡಕ್ಕೆ ಅಷ್ಟು ಕಷ್ಟ ಯಾರೂ ಪಡುವುದಿಲ್ಲ. ಹಾಗಾಗಿ ಸಂಗತಿಯೆಲ್ಲ ಅಲ್ಲೇ ಇರುತ್ತದೆ. ಯಾರು ಮಾಡಿದ್ದು, ಯಾವ ದೇಶದ್ದು, ಒಂದೇ ತುಂಡಿನಲ್ಲಿ ಕಡೆದದ್ದೋ ಪಟ್ಟಿ ಜೋಡಿಸಿದ್ದೋ, ಅಸಲಿ ತೇಗವೋ ಅಥವಾ ಯಾವುದೋ ಬಿಳಿ ಮರಕ್ಕೆ ಬಣ್ಣ ಬಳಿದದ್ದೋ, ಎಲ್ಲ ಗೊತ್ತಾಗುತ್ತದೆ.

ನಾನು ಕೂಡಿಡುವುದು 1950ರಿಂದ 1970ರ ಒಳಗಿನ ಊಟದ ಮೇಜಿನ ಸಾಮಾನು. ಅದರಲ್ಲೂ ಬಿಸಿಲ ನಾಡಿನ ಗಟ್ಟಿ ಮರದಲ್ಲಿ ಮಾಡಿದ್ದು, ತೇಗ, ಬೀಟೆ ಜಾತಿಯ ಮರಗಳು, ಕೊಕೊಬೋಲೊ ಇಂಥವು. ಕೆತ್ತನೆ ಇಲ್ಲ, ಹೂಬಳ್ಳಿ ಇಲ್ಲ, ಬರೀ ಆಕಾರ ಮತ್ತು ಮರದ ಎಳೆ. ನೋಡಿದವರಲ್ಲಿ ಅರ್ಧ ಜನ “ಇಷ್ಟೇನಾ?” ಅನ್ನುತ್ತಾರೆ, ಇನ್ನರ್ಧ ಜನ ಎತ್ತಿಕೊಂಡು ಕೆಳಗಿಡುವುದೇ ಇಲ್ಲ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಈ ಹುಚ್ಚಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತ ಊರಾಚೆ ಮನೆ ಕಟ್ಟಿಕೊಂಡವರು ಇಲ್ಲಿ ಲೆಕ್ಕವಿಲ್ಲದಷ್ಟು. ಆ ಕಾಲದ ಮನೆಗಳಲ್ಲಿ ಪಾರ್ಟಿಗಳು ಜಾಸ್ತಿ. ಪಾರ್ಟಿ ಅಂದಮೇಲೆ ಐಸ್ ಬೇಕು, ಐಸ್ ಹಾಕಿಡಲು ಬಕೆಟ್ ಬೇಕು, ಚೀಸ್ ಕತ್ತರಿಸಲು ಹಲಗೆ, ಸಲಾಡ್ ಕಲಸಲು ದೊಡ್ಡ ಬಟ್ಟಲು, ಕುರುಕಲು ಇಡಲು ಟ್ರೇ. ಮದುವೆಗೆ ಉಡುಗೊರೆಯಾಗಿ ಬಂದವೇ ಎಷ್ಟೋ. ಅದೇ ಹೊತ್ತಿಗೆ, 1954ರಿಂದ 1957ರವರೆಗೆ, ಡಿಸೈನ್ ಇನ್ ಸ್ಕ್ಯಾಂಡಿನೇವಿಯ ಎಂಬ ಪ್ರದರ್ಶನ ಅಮೆರಿಕ ಮತ್ತು ಕೆನಡಾದ ಊರೂರು ಸುತ್ತಿತು. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡಿನ ಪಾತ್ರೆ ಪಗಡಿ, ಕುರ್ಚಿ, ಬಟ್ಟೆ ನೋಡಿದ ಜನ ಮನೆಗೂ ಬೇಕು ಅಂದರು. ಅಂಗಡಿಯವರು ಸುಮ್ನೆ ಬಿಡುತ್ತಾರಾ?

ಆಗ ಮದುವೆಯಾದವರು ಈಗ ಎಂಬತ್ತು ತೊಂಬತ್ತು ದಾಟಿದ್ದಾರೆ, ಇಲ್ಲವೇ ಹೋಗಿಬಿಟ್ಟಿದ್ದಾರೆ. ಮಕ್ಕಳು ಮನೆ ಖಾಲಿ ಮಾಡಲು ಎಸ್ಟೇಟ್ ಸೇಲ್ ಇಡುತ್ತಾರೆ. ಅಂದರೆ ಮನೆಯ ಬಾಗಿಲು ತೆರೆದಿಟ್ಟು, ಒಳಗಿರುವ ಪ್ರತಿ ಸಾಮಾನಿಗೂ ಚೀಟಿ ಅಂಟಿಸಿ, ಇದ್ದಲ್ಲೇ ಮಾರುವುದು. ಬೆಳಿಗ್ಗೆ ಎದ್ದು ಹೋಗಿ ಸಾಲಿನಲ್ಲಿ ನಿಲ್ಲಬೇಕು. ವ್ಯಾಪಾರಿಗಳೂ ಬಂದಿರುತ್ತಾರೆ, ಅವರು ನೇರ ಕುರ್ಚಿ, ದೀಪ, ಪೇಂಟಿಂಗ್ ಕಡೆ ಓಡುತ್ತಾರೆ. ನಾನು ಅಡುಗೆಮನೆಗೆ ಹೋಗುತ್ತೇನೆ. ಅದರಲ್ಲೂ ಫ್ರಿಜ್ಜಿನ ಮೇಲಿನ ಕಪಾಟು. ಅಲ್ಲಿಗೆ ಯಾರಿಗೂ ಕೈ ಎಟುಕುವುದಿಲ್ಲ, ಹಾಗಾಗಿ ವರ್ಷಗಟ್ಟಲೆ ಬಳಸದ ದೊಡ್ಡ ಬಟ್ಟಲುಗಳೆಲ್ಲ ಅಲ್ಲಿ ಸೇರಿಕೊಂಡಿರುತ್ತವೆ.

ಅಲ್ಲಿ ಜಾಸ್ತಿ ಸಿಗುವ ಹೆಸರು ಡಾನ್ಸ್ಕ್. ಹೆಸರು ಕೇಳಿದರೆ ಡೆನ್ಮಾರ್ಕಿನ ಕಂಪನಿ ಅನ್ನಿಸುತ್ತದೆ, ಆದರೆ ಶುರುವಾಗಿದ್ದು ನ್ಯೂಯಾರ್ಕಿನ ಗ್ರೇಟ್ ನೆಕ್ ಎಂಬಲ್ಲಿ, ಒಂದು ಮನೆಯ ಗ್ಯಾರೇಜಿನಲ್ಲಿ. ಟೆಡ್ ನೀರೆನ್‌ಬರ್ಗ್ ಮತ್ತು ಮಾರ್ಥಾ ನೀರೆನ್‌ಬರ್ಗ್ ಎಂಬ ದಂಪತಿ 1954ರಲ್ಲಿ ಯುರೋಪಿಗೆ ಹೋಗಿದ್ದರು, ಮಾರಲು ಏನಾದರೂ ಹೊಸದು ಸಿಗುತ್ತದಾ ಅಂತ ಹುಡುಕಿಕೊಂಡು. ಕೋಪನ್‌ಹೇಗನ್ನಿನ ಮ್ಯೂಸಿಯಂ ಒಂದರಲ್ಲಿ ಚಮಚ, ಫೋರ್ಕು, ಚಾಕುಗಳ ಒಂದು ಸೆಟ್ ಕಂಡಿತು. ಸ್ಟೀಲಿನ ಮೈ, ತೇಗದ ಹಿಡಿ. ಇದನ್ನು ಕೈಯಲ್ಲಿ ಬಡಿದೇ ಮಾಡಬೇಕು, ಕಾರ್ಖಾನೆಯಲ್ಲಿ ಆಗುವ ಮಾತಲ್ಲ ಅಂತ ಎಲ್ಲರ ಅಭಿಪ್ರಾಯ. ದಂಪತಿ ಅದನ್ನು ಮಾಡಿದವನನ್ನೇ ಹುಡುಕಿಕೊಂಡು ಹೋಗಿ, ಕಾರ್ಖಾನೆಯಲ್ಲಿ ಮಾಡಿಸೋಣ ಬನ್ನಿ ಅಂದರು. ಆತ ಯೆನ್ಸ್ ಕ್ವಿಸ್ಟ್‌ಗೋರ್. ಆ ಸೆಟ್ಟಿಗೆ ಫ್ಯೋರ್ಡ್ ಅಂತ ಹೆಸರಿಟ್ಟರು, ಕಂಪನಿ ನಿಂತಿದ್ದೇ ಅದರ ಮೇಲೆ. (ಮಾರ್ಥಾ ಅವರದೇ ಇನ್ನೊಂದು ದೊಡ್ಡ ಕಥೆ. ಅವರು ಹಂಗೇರಿಯವರು, ಅಜ್ಜ ಬ್ಯಾರನ್ ಹೆರ್ಜೋಗ್ ದೊಡ್ಡ ಕಲಾ ಸಂಗ್ರಾಹಕ. ಯುದ್ಧದಲ್ಲಿ ಕಳೆದುಹೋದ ಆ ಚಿತ್ರಗಳನ್ನು ವಾಪಸ್ ಪಡೆಯಲು ಅವರು ಹಂಗೇರಿ ಸರ್ಕಾರದ ಜೊತೆ ದಶಕಗಟ್ಟಲೆ ಹೋರಾಡಿದರು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.)

ಕ್ವಿಸ್ಟ್‌ಗೋರ್ ಹುಟ್ಟಿದ್ದು 1919ರಲ್ಲಿ, ತೀರಿಕೊಂಡಿದ್ದು 2008ರಲ್ಲಿ. ಅಪ್ಪ ಶಿಲ್ಪಿ. ಮಗ ಜಾರ್ಜ್ ಜೆನ್ಸನ್ ಬೆಳ್ಳಿ ಕೆಲಸದ ಮನೆಯಲ್ಲಿ ಪಳಗಿದವನು. ಲೋಹದ ಕೆಲಸದವನು ಮರಕ್ಕೆ ಕೈ ಹಾಕಿದ್ದರಿಂದಲೇ ಏನೋ, ಬಡಗಿಗಳು ಸಾಮಾನ್ಯವಾಗಿ ಮಾಡದ ಆಕಾರಗಳನ್ನು ಆತ ಮಾಡಿಸಿದ. ನನ್ನ ಮಟ್ಟಿಗೆ ಆತನ ದೊಡ್ಡ ಬುದ್ಧಿವಂತಿಕೆ ಇರುವುದು ಆಕಾರದಲ್ಲಲ್ಲ, ಕಟ್ಟುವ ಕ್ರಮದಲ್ಲಿ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ದೊಡ್ಡ ಬಟ್ಟಲು ಬೇಕು ಅಂತಿಟ್ಟುಕೊಳ್ಳಿ. ಸುಲಭದ ದಾರಿ ಅಂದರೆ ದಪ್ಪ ಕೊರಡು ತಂದು ಲೇತಿಗೆ ಕಟ್ಟಿ ಕಡೆಯುವುದು. ಇದರಲ್ಲಿ ಎರಡು ತೊಂದರೆ. ಮರದ ಮುಕ್ಕಾಲು ಭಾಗ ಸಿಪ್ಪೆಯಾಗಿ ನೆಲಕ್ಕೆ ಬೀಳುತ್ತದೆ. ಉಳಿದದ್ದು ಒಣಗುತ್ತ ಹೋದ ಹಾಗೆ ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದು ದಿಕ್ಕಿಗೆ ಕಮ್ಮಿ ಕುಗ್ಗುತ್ತದೆ, ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬರುತ್ತದೆ, ಅಂಚು ಸೀಳುತ್ತದೆ. ಅಮೆರಿಕದ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕಿದಾಗ ಗಾಳಿ ಎಷ್ಟು ಒಣಗುತ್ತದೆ ಅಂತ ಇಲ್ಲಿರುವವರಿಗೆ ಗೊತ್ತು, ತುಟಿ ಒಡೆಯುವ ಹಾಗೆ ಮರವೂ ಒಡೆಯುತ್ತದೆ. ಕ್ವಿಸ್ಟ್‌ಗೋರ್ ಹಿಡಿದದ್ದು ಪೀಪಾಯಿ ಮಾಡುವವರ ದಾರಿ. ಉದ್ದುದ್ದ ಪಟ್ಟಿಗಳನ್ನು ಸೀಳಿ, ಅಂಚನ್ನು ಓರೆಯಾಗಿ ತರೆದು, ಒಂದರ ಪಕ್ಕ ಒಂದು ನಿಲ್ಲಿಸಿ ಅಂಟು ಹಾಕಿ ದುಂಡಗೆ ಕೂರಿಸುವುದು, ಆಮೇಲೆ ಒಳಗೂ ಹೊರಗೂ ನುಣುಪು ಮಾಡುವುದು. ಪೀಪಾಯಿಗೆ ಇರುವ ಕಬ್ಬಿಣದ ಪಟ್ಟೆ ಇಲ್ಲಿಲ್ಲ, ಅಂಟೇ ಹಿಡಿದುಕೊಳ್ಳುತ್ತದೆ. ಎಲ್ಲ ಪಟ್ಟಿಯಲ್ಲೂ ಎಳೆ ಮೇಲಿನಿಂದ ಕೆಳಕ್ಕೇ ಹೋಗುವುದರಿಂದ ಬಟ್ಟಲು ಸುತ್ತಲೂ ಹೆಚ್ಚುಕಮ್ಮಿ ಒಂದೇ ರೀತಿ ಕುಗ್ಗುತ್ತದೆ, ಹಿಗ್ಗುತ್ತದೆ. ಸಣ್ಣ ಮರದ ತುಂಡಿನಲ್ಲೂ ದೊಡ್ಡ ಪಾತ್ರೆ ಆಗುತ್ತದೆ. ನೋಡಲೂ ಚೆಂದ, ಪಕ್ಕಪಕ್ಕದ ಪಟ್ಟಿಯಲ್ಲಿ ಬಣ್ಣ ಸ್ವಲ್ಪ ಸ್ವಲ್ಪ ಬದಲಾಗುತ್ತ ಹೋಗುತ್ತದೆ.

ಕಾಂಗೋ ಅಂತ ಕರೆಯುವ ಐಸ್ ಬಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ಕಡೆ ಪಟ್ಟಿಗಳೇ ಮೇಲಕ್ಕೆ ಬೆಳೆದು ಹಿಡಿಯಾಗುತ್ತವೆ. ಹಿಡಿ ಅಂತ ಬೇರೆ ಅಂಟಿಸಿದ್ದಲ್ಲ. ಒಳಗೆ ಪ್ಲಾಸ್ಟಿಕ್ಕಿನ ಡಬ್ಬಿ. ಕೊಳ್ಳುವಾಗ ಈ ಒಳಡಬ್ಬಿ ಇದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಅದಿಲ್ಲದಿದ್ದರೆ ಅರ್ಧ ಬೆಲೆಗೆ ಕೇಳಿ. ನಾಚಿಕೆ ಬೇಡ.

ಇನ್ನು ಮುದ್ರೆ ವಿಷಯ. ಹಳೆಯ ಡಾನ್ಸ್ಕ್ ಸಾಮಾನಿನ ಬುಡದಲ್ಲಿ ಸಾಲಾಗಿ ಈಜುವ ಬಾತುಕೋಳಿಗಳ ಗುರುತು, ಡೆನ್ಮಾರ್ಕ್ ಎಂಬ ಹೆಸರು, ಕ್ವಿಸ್ಟ್‌ಗೋರ್ ಹೆಸರಿನ ಮೂರಕ್ಷರ ಸುಟ್ಟು ಒತ್ತಿರುತ್ತದೆ. ಆಮೇಲಿನ ವರ್ಷಗಳಲ್ಲಿ ಕೆಲಸ ಬೇರೆ ದೇಶಗಳಿಗೆ ಹೋಯಿತು, ಥಾಯ್ಲೆಂಡ್, ಮಲೇಷ್ಯಾ ಅಂತ ಬರೆದ ಬಟ್ಟಲುಗಳು ಧಾರಾಳವಾಗಿ ಸಿಗುತ್ತವೆ. ಸಂಗ್ರಹ ಮಾಡುವವರು ಇವನ್ನು ಮೂಸಿಯೂ ನೋಡುವುದಿಲ್ಲ. ನನಗೆ ಆ ಗರ್ವ ಇಲ್ಲ. ಮರ ಅದೇ ಮರ, ಮಾದರಿ ಅದೇ ಮಾದರಿ, ಬೆಲೆ ಮಾತ್ರ ಕಾಲು ಭಾಗ. ದಿನಾ ಬಳಸುವುದಕ್ಕೆ ಇವೇ ಒಳ್ಳೆಯವು, ಕೈ ಜಾರಿದರೆ ಎದೆ ಒಡೆಯುವುದಿಲ್ಲ. ಮುದ್ರೆಯೇ ಇಲ್ಲದ್ದನ್ನೆಲ್ಲ ಮಾರುವವರು “ಡ್ಯಾನಿಷ್” ಅಂತ ಚೀಟಿ ಅಂಟಿಸಿಬಿಡುತ್ತಾರೆ, ಅದನ್ನು ಮಾತ್ರ ನಂಬಬೇಡಿ. ಸ್ವೀಡನ್ನಿನಲ್ಲಿ, ಥಾಯ್ಲೆಂಡಿನಲ್ಲಿ, ಜಪಾನಿನಲ್ಲಿ ಕೂಡ ಆಗ ತೇಗದ ಸಾಮಾನು ಮಾಡುತ್ತಿದ್ದರು.

ಡಾನ್ಸ್ಕ್ ಒಂದೇ ಅಲ್ಲ. ಕೈ ಬೊಯೆಸೆನ್ ಅಂತ ಇನ್ನೊಬ್ಬ ಬೆಳ್ಳಿ ಕೆಲಸದವನಿದ್ದ, 1886ರಲ್ಲಿ ಹುಟ್ಟಿದವನು. 1951ರಲ್ಲಿ ಆತ ಮಾಡಿದ ಮರದ ಕೋತಿ ಈಗಲೂ ಅಂಗಡಿಗಳಲ್ಲಿ ನೇತಾಡುತ್ತಿರುತ್ತದೆ, ನೋಡಿರುತ್ತೀರಿ. ಅದೇ ಹೊತ್ತಿನಲ್ಲಿ ಫಿನ್ ಯೂಲ್ ಎಂಬ ವಾಸ್ತುಶಿಲ್ಪಿ ರೂಪಿಸಿದ ತೇಗದ ಬಟ್ಟಲುಗಳನ್ನು ಬೊಯೆಸೆನ್ ತನ್ನ ಕಾರ್ಯಾಗಾರದಲ್ಲಿ ಮಾಡಿಸಿದ. ತೆಳ್ಳಗಿನ ಅಂಚು, ಒಂದು ಕಡೆ ಸ್ವಲ್ಪ ಎತ್ತರ. ಅವು ನನ್ನ ಕೈಗೆಟುಕುವ ಬೆಲೆಯಲ್ಲಿಲ್ಲ. ಮ್ಯೂಸಿಯಂ ಗಾಜಿನಾಚೆ ನೋಡಿ ತೃಪ್ತಿಪಡುತ್ತೇನೆ. ಡಿಗ್ಸ್‌ಮೆಡ್ ಕಂಪನಿಯ ಗೋಡೆಗೆ ತೂಗುಹಾಕುವ ಮಸಾಲೆ ಚಕ್ರ ಮಾತ್ರ ಸಿಗುತ್ತದೆ, ತೇಗದ ಚೌಕಟ್ಟು, ಸುತ್ತ ಗಾಜಿನ ಬಾಟಲಿಗಳು. ಅಂದಕ್ಕೆ ಸರಿ. ನಮ್ಮ ಒಗ್ಗರಣೆಯ ವೇಗಕ್ಕೆ ಅದು ಆಗಿಬರುವುದಿಲ್ಲ, ಸಾಸಿವೆ ಸಿಡಿಯುವಾಗ ಚಕ್ರ ತಿರುಗಿಸುತ್ತ ಜೀರಿಗೆ ಹುಡುಕುವವರು ಯಾರು? ಸ್ಟೀಲಿನ ಮಸಾಲೆ ಡಬ್ಬಿಗೆ ಸಾಟಿಯಿಲ್ಲ.

ಮೆಣಸು ಬೀಸುವ ಗಿರಣಿಗಳು ಬೇರೆಯೇ ಲೋಕ. ಕ್ವಿಸ್ಟ್‌ಗೋರ್ ಇವನ್ನು ಒಂದಲ್ಲ ಎರಡಲ್ಲ, ಹತ್ತಾರು ಆಕಾರದಲ್ಲಿ ಮಾಡಿದ್ದಾನೆ. ಒಂದು ಕಡೆ ಸಾಲಾಗಿ ಇಟ್ಟರೆ ಯಾವುದೋ ಗೊತ್ತಿಲ್ಲದ ಚದುರಂಗದ ಕಾಯಿಗಳ ಹಾಗೆ ಕಾಣುತ್ತವೆ. ಎಷ್ಟೋ ಗಿರಣಿಗಳಲ್ಲಿ ಮೇಲಿನ ಭಾಗದಲ್ಲಿ ಉಪ್ಪು, ಕೆಳಗೆ ಮೆಣಸು. ಬೀಸುವ ಹಲ್ಲು ಫ್ರಾನ್ಸಿನ ಪ್ಯೂಜೊ ಕಂಪನಿಯದು, ಹೌದು, ಕಾರು ಮಾಡುವ ಅದೇ ಪ್ಯೂಜೊ. ಕಾರಿಗೂ ಮೊದಲೇ ಅವರು ಕಾಫಿ ಮತ್ತು ಮೆಣಸಿನ ಗಿರಣಿ ಮಾಡುತ್ತಿದ್ದರು. ಬುಡ ತಿರುಗಿಸಿದರೆ ಆ ಹೆಸರು ಕಾಣುತ್ತದೆ. ಕೊಳ್ಳುವಾಗ ಎರಡು ನೋಡಿ. ಒಂದು, ಹಲ್ಲು ತುಕ್ಕು ಹಿಡಿದಿದೆಯಾ. ಎರಡು, ಉಪ್ಪು ತುಂಬುವ ತೂತಿನ ಬಿರಡೆ ಇದೆಯಾ. ಬಿರಡೆ ಕಳೆದುಹೋದವೇ ಜಾಸ್ತಿ, ಅದಿಲ್ಲದಿದ್ದರೆ ಸಾರಿಗೆ ಮೆಣಸು ಬೀಸುವಾಗ ಉಪ್ಪೂ ಸುರಿಯುತ್ತದೆ. ಕೊಡಗಿನ ಮೆಣಸು ಇದರಲ್ಲಿ ಬೀಸಿದರೆ ತುಂಬ ಚೆನ್ನಾಗಿ ಬರುತ್ತದೆ, ಬೇಕಾದಷ್ಟೇ ತರಿತರಿ.

ಈಗ ಈ ಮರ ಎಲ್ಲಿಂದ ಬಂತು ಅನ್ನುವ ವಿಷಯಕ್ಕೆ ಬರೋಣ. ಬುಡದ ಮೇಲೆ ಡೆನ್ಮಾರ್ಕ್ ಅಂತ ಇರುತ್ತದೆ. ಡೆನ್ಮಾರ್ಕಿನಲ್ಲಿ ತೇಗ ಬೆಳೆಯುತ್ತದಾ? ಅಲ್ಲಿ ಬೆಳೆಯುವುದು ಬೀಚ್, ಓಕ್. ತೇಗ ನಮ್ಮದು, ಬರ್ಮಾದ್ದು, ಸಯಾಮಿನದು (ಅಂದರೆ ಈಗಿನ ಥಾಯ್ಲೆಂಡ್), ಲಾವೋಸಿನದು. ಹೀಗಿದ್ದೂ ಐವತ್ತರ ದಶಕದಲ್ಲಿ ಡೇನರು ಕುರ್ಚಿಯಿಂದ ಹಿಡಿದು ಉಪ್ಪಿನ ಬಟ್ಟಲಿನವರೆಗೆ ಎಲ್ಲವನ್ನೂ ತೇಗದಲ್ಲಿ ಮಾಡಿದರು. ಅವರಿಗೆ ಈ ಮರದ ದಾರಿ ಹಳೆಯದು. ಹಾನ್ಸ್ ನೀಲ್ಸ್ ಆಂಡರ್ಸನ್ ಎಂಬ ಡೇನ್ ನಾವಿಕ 1880ರ ದಶಕದಲ್ಲಿ ಬ್ಯಾಂಕಾಕಿನಲ್ಲಿ ವ್ಯಾಪಾರ ಶುರುಮಾಡಿ, ಸಯಾಮಿನ ತೇಗವನ್ನು ಯುರೋಪಿಗೆ ಸಾಗಿಸಿದ. ಅಲ್ಲಿನ ಪ್ರಸಿದ್ಧ ಓರಿಯೆಂಟಲ್ ಹೋಟೆಲಿನ ಹಿಂದೆಯೂ ಇವನೇ. 1897ರಲ್ಲಿ ಕೋಪನ್‌ಹೇಗನ್ನಿನಲ್ಲಿ ಈಸ್ಟ್ ಏಷ್ಯಾಟಿಕ್ ಕಂಪನಿ ಕಟ್ಟಿದ. ಉತ್ತರ ಸಯಾಮಿನ ಕಾಡುಗಳಲ್ಲಿ ತೇಗ ಕಡಿಯುವ ಗುತ್ತಿಗೆ ಪಡೆದ ಕಂಪನಿಗಳಲ್ಲಿ ಅದೂ ಒಂದು, ಮಿಕ್ಕವು ಹೆಚ್ಚಾಗಿ ಬ್ರಿಟಿಷರವು. ತೇಗಕ್ಕಾಗಿ ಯುದ್ಧವೇ ಆಗಿದೆ. 1885ರಲ್ಲಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಶನ್ನಿಗೆ ಬರ್ಮಾದ ರಾಜ ದಂಡ ಹಾಕಿದ್ದನ್ನೇ ನೆಪ ಮಾಡಿಕೊಂಡು ಬ್ರಿಟಿಷರು ಮಂಡಾಲೆಗೆ ನುಗ್ಗಿದರು, ರಾಜನನ್ನು ರತ್ನಾಗಿರಿಗೆ ತಂದಿಟ್ಟರು.

ಕಾಡಿನಲ್ಲಿ ತೇಗ ಇಳಿಸುವ ಕ್ರಮ ಓದಿದಾಗ ನನಗೆ ನಮ್ಮ ಬಟ್ಟಲುಗಳ ಮೇಲೆ ಗೌರವವೂ ಬಂತು, ಸ್ವಲ್ಪ ಕಸಿವಿಸಿಯೂ ಆಯಿತು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಹೊಳೆಯಲ್ಲಿ ತೇಲಿಸಿ ತರಬೇಕಾದರೆ ಅದು ಒಣಗಿರಬೇಕು. ಅದಕ್ಕೇ ನಿಂತ ಮರದ ಬುಡದಲ್ಲಿ ಸುತ್ತಲೂ ತೊಗಟೆಯನ್ನೂ ಅದರೊಳಗಿನ ಬಿಳಿ ಭಾಗವನ್ನೂ ಚೇಗಿನವರೆಗೆ, ಅಂದರೆ ನಡುವಿನ ಗಟ್ಟಿ ಮರದವರೆಗೆ ಕೊಚ್ಚಿ ಬಿಟ್ಟುಬಿಡುತ್ತಿದ್ದರು. ಮರ ನಿಂತಲ್ಲೇ ಸಾಯಬೇಕು, ಎರಡು ಮೂರು ವರ್ಷ ನಿಂತೇ ಒಣಗಬೇಕು. ಆಮೇಲೆ ಕಡಿದು, ಆನೆಗಳಿಂದ ಎಳೆಸಿ ಹಳ್ಳಕ್ಕೆ ತಂದು, ಮಳೆಗಾಲದ ನೀರಿಗೆ ಕಾದು, ದೊಡ್ಡ ಹೊಳೆಯಲ್ಲಿ ತೆಪ್ಪ ಕಟ್ಟಿ ಬ್ಯಾಂಕಾಕಿಗೆ ಬಿಡುತ್ತಿದ್ದರು. ಕೊಡಲಿ ಮೊದಲು ಬಿದ್ದ ದಿನದಿಂದ ಬಂದರು ಸೇರುವವರೆಗೆ ವರ್ಷಗಳೇ ಉರುಳುತ್ತಿದ್ದವು. ಇದೇನೂ ನಮಗೆ ಹೊಸದಲ್ಲ ಬಿಡಿ. ಉತ್ತರ ಕನ್ನಡದ ತೇಗ ಬ್ರಿಟಿಷರ ಕಾಲದಲ್ಲಿ ಹಡಗು ಕಟ್ಟಲು ಮುಂಬೈಗೆ ಹೋಗುತ್ತಿತ್ತು. ದಾಂಡೇಲಿ ಕಡೆಯವರ ಮನೆಗಳಲ್ಲಿ ಆನೆ, ನಾಟಾ, ಡಿಪೋ ಅಂತ ಮಾತು ಈಗಲೂ ಬರುತ್ತದೆ.

ಆ ಕಾಲದ ತೇಗ ಬೇರೆ. ಯಾರೂ ನೆಡದೆ ತಾನಾಗಿ ಕಾಡಿನಲ್ಲಿ ನಿಧಾನವಾಗಿ ಬೆಳೆದದ್ದು. ಬುಡದ ಕಡೆ ಪಟ್ಟಿಗಳ ತುದಿ ಕಾಣುತ್ತದಲ್ಲ, ಅಲ್ಲಿ ವರ್ಷದ ಉಂಗುರಗಳನ್ನು ನೋಡಿ. ಹಳೆಯ ಬಟ್ಟಲಿನಲ್ಲಿ ಅವು ಒತ್ತೊತ್ತಾಗಿರುತ್ತವೆ. ಈಗಿನ ಪ್ಲಾಂಟೇಶನ್ ತೇಗದಲ್ಲಿ ಅಗಲ ಅಗಲ. ಥಾಯ್ಲೆಂಡಿನಲ್ಲಿ 1988ರ ಕೊನೆಯಲ್ಲಿ ಭಯಂಕರ ನೆರೆ ಬಂತು, ಕಾಡು ಕಡಿದ ಗುಡ್ಡಗಳಿಂದ ಮಣ್ಣು ಮರ ಎಲ್ಲ ಊರುಗಳ ಮೇಲೆ ಕುಸಿಯಿತು, ನೂರಾರು ಜನ ಸತ್ತರು. 1989ರಲ್ಲಿ ಸರ್ಕಾರ ಕಾಡಿನ ಮರ ಕಡಿಯುವುದನ್ನೇ ನಿಲ್ಲಿಸಿತು. ಅಂಥ ಮರದಲ್ಲಿ ಹೊಸ ಬಟ್ಟಲು ಇನ್ನು ಹುಟ್ಟುವುದು ಕಷ್ಟ, ಇದ್ದವನ್ನೇ ಕಾಪಾಡಿಕೊಳ್ಳಬೇಕು. “ಸ್ಕ್ಯಾಂಡಿನೇವಿಯನ್” ಅಂತ ಚೀಟಿ ಬರೆದು ಗಾಜಿನ ಕಪಾಟಿನಲ್ಲಿಡುವವರು ಈ ಅರ್ಧ ಕಥೆಯನ್ನು ಬಿಟ್ಟೇ ಹೇಳುತ್ತಾರೆ ಅನ್ನುವುದು ನನ್ನ ತಕರಾರು. ಆಕಾರ ಕೋಪನ್‌ಹೇಗನ್ನಿನದು, ದುಡ್ಡು ನ್ಯೂಯಾರ್ಕಿನದು, ಸರಿ. ಮರ ಮತ್ತು ಆನೆ ಯಾವ ಊರಿನವು?

ತೇಗ ಬಿಟ್ಟರೆ ಬೇರೆ ಮರಗಳೂ ಇವೆ. ಅರವತ್ತರ ದಶಕದ ಆರಂಭದಲ್ಲಿ ಡಾನ್ಸ್ಕ್ “ರೇರ್ ವುಡ್ಸ್” ಅಂತ ಒಂದು ಸಾಲು ತಂದಿತು. ವೆಂಗೆ, ಮುಟೆನ್ಯೆ ಎಂಬ ಆಫ್ರಿಕಾದ ಮರಗಳು, ಬೀಟೆಯ ಬಳಗದ ಪಾಲಿಸಾಂಡರ್. ಸಂಖ್ಯೆ ಕಮ್ಮಿ, ಬೆಲೆ ಜಾಸ್ತಿ. ನಾನು ಒಂದು ಸಣ್ಣ ಟ್ರೇ ಮಾತ್ರ ಇಟ್ಟುಕೊಂಡಿದ್ದೇನೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಮೆಕ್ಸಿಕೋದ ಸಾಮಾನು. ಡಾನ್ ಶೂಮೇಕರ್ ಎಂಬ ಅಮೆರಿಕದ ಚಿತ್ರಕಾರ ಮೊರೇಲಿಯಾ ಎಂಬ ಊರಿಗೆ ಹೋಗಿ ನೆಲೆಸಿ, ಸೆನ್ಯಾಲ್ ಅಂತ ಕಾರ್ಖಾನೆ ಹಾಕಿ, ಅಲ್ಲಿನ ಕೊಕೊಬೋಲೊ ಮರದಲ್ಲಿ ಕುರ್ಚಿ, ಮೇಜು, ಜೊತೆಗೆ ಬಟ್ಟಲು, ತಟ್ಟೆ, ಉಪ್ಪು ಮೆಣಸಿನ ಡಬ್ಬಿ ಮಾಡಿಸಿದ. ಕೊಕೊಬೋಲೊ ಕೂಡ ನಮ್ಮ ಬೀಟೆಯ ದಾಯಾದಿ, ಎರಡೂ ಡಾಲ್ಬರ್ಜಿಯ ಕುಲ. ಹೊಸದಾಗಿ ಸೀಳಿದಾಗ ಕಿತ್ತಳೆ, ಕೆಂಪು, ಕಪ್ಪು ಗೆರೆಗಳು ಕಣ್ಣು ಕುಕ್ಕುತ್ತವೆ, ವರ್ಷ ಕಳೆದಂತೆ ಗಾಢ ಕಂದಾಗುತ್ತದೆ. ತೂಕವೇ ಗುರುತು. ತೇಗ ಘನಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಇದು 1,100ರ ಆಸುಪಾಸು, ನೀರಿಗೆ ಹಾಕಿದರೆ ಮುಳುಗುತ್ತದೆ. ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತದೆ, ಅಂಗೈಯಷ್ಟು ಬಟ್ಟಲು ಕಲ್ಲಿನಷ್ಟು ಭಾರ. ಆದರೆ ಇದನ್ನು ಉಜ್ಜುವಾಗ ಎಚ್ಚರ. ಪುಡಿ ಅನೇಕರಿಗೆ ಅಲರ್ಜಿ ಮಾಡುತ್ತದೆ, ಚರ್ಮ ತುರಿಸುತ್ತದೆ, ಉಸಿರು ಕಟ್ಟುತ್ತದೆ. ಮುಖಕ್ಕೆ ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ತೀರಾ ಅಗ್ಗಕ್ಕೆ ಸಿಗುವುದು ಮಂಕಿಪಾಡ್ ಎಂಬ ಮರದ ಸಾಮಾನು. ಎಲೆಯಾಕಾರದ ಟ್ರೇ, ಅನಾನಸ್ ಆಕಾರದ ತಟ್ಟೆ, ಹವಾಯಿ ಪ್ರವಾಸಕ್ಕೆ ಹೋದವರು ತಂದ ನೆನಪಿನ ವಸ್ತು. ಎಷ್ಟೋ ಫಿಲಿಪ್ಪೀನ್ಸಿನಲ್ಲಿ ಮಾಡಿ ಹವಾಯಿಯಲ್ಲಿ ಮಾರಿದವು, ಬುಡ ನೋಡಿದರೆ ಹೆಸರಿರುತ್ತದೆ. ಸಂಗ್ರಾಹಕರು ಮೂಗು ಮುರಿಯುತ್ತಾರೆ. ಬೆಂಗಳೂರಿನವರು ಮಾತ್ರ ಒಂದನ್ನಾದರೂ ಇಟ್ಟುಕೊಳ್ಳಬೇಕು ಅಂತ ನನ್ನ ವಾದ. ಯಾಕೆಂದರೆ ಅದು ನಮ್ಮ ರಸ್ತೆ ಬದಿಯ ಮಳೆಮರ, ಅದೇ ಗುಲಾಬಿ ಕುಂಚದ ಹೂವಿನದು. ಅದೂ ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು, ಹವಾಯಿಗೂ ನಮಗೂ ಹೊರಗಿನದೇ. ಚೇಗು ಕಂದು, ಹೊರಗಿನ ಭಾಗ ಹಳದಿ ಬಿಳಿ, ಒಂದೇ ತಟ್ಟೆಯಲ್ಲಿ ಎರಡೂ ಬಣ್ಣ. ಜೋರು ಗಾಳಿಗೆ ಉರುಳಿದ ಮಳೆಮರಗಳನ್ನು ನಮ್ಮಲ್ಲಿ ಏನು ಮಾಡುತ್ತಾರೋ, ಸೌದೆಯಾಗುವ ಬದಲು ಬಟ್ಟಲಾದರೆ ಎಷ್ಟು ಚೆನ್ನ ಅಲ್ವಾ?

ಇಷ್ಟು ಸಾಮಾನು ಮನೆಯಲ್ಲಿ ತುಂಬಿಸಿದರೆ ಮನೆಯವರು ಸುಮ್ಮನಿರುತ್ತಾರಾ? ನಮ್ಮತ್ತೆ ಇಲ್ಲಿಗೆ ಬಂದಾಗ ಮೊದಲು ಕೇಳಿದ್ದು, “ಯಾರ ಮನೇದು ಇದು? ತೀರಿಕೊಂಡೋರದ್ದಾ?” ಹೌದು ಅಂದೆ. “ಹಿತ್ತಾಳೆ ಆಗಿದ್ರೆ ಹುಣಸೆಹಣ್ಣು ಹಾಕಿ ತಿಕ್ಕಬಹುದಿತ್ತು. ಮರ ಹೀರ್ಕೊಳ್ಳತ್ತಲ್ಲಪ್ಪ” ಅಂದರು. ಮಾಂಸ ತಿನ್ನುವವರ ಮನೆಯ ಬಟ್ಟಲು ಅನ್ನುವುದೂ ಅದರಲ್ಲಿ ಸೇರಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ನಾನು ವಿಜ್ಞಾನ ಹೇಳಲು ಹೋದೆ. ಡೀನ್ ಕ್ಲೈವರ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಮರದ ಮತ್ತು ಪ್ಲಾಸ್ಟಿಕ್ಕಿನ ತರಕಾರಿ ಹಲಗೆಗಳನ್ನು ಹೋಲಿಸಿ ನೋಡಿದ್ದಾರೆ, ಮರ ಹೀರಿಕೊಂಡ ರೋಗಾಣುಗಳು ಒಳಗೆ ಬೆಳೆಯದೆ ಸಾಯುತ್ತವೆ, ಚಾಕುವಿನ ಗೀರು ಬಿದ್ದ ಪ್ಲಾಸ್ಟಿಕ್ಕೇ ಹೆಚ್ಚು ತೊಂದರೆ ಅಂತ. ಅತ್ತೆ ಪೂರ್ತಿ ಕೇಳಿಸಿಕೊಂಡು, “ಸರಿ, ಆದ್ರೂ ಬಿಸಿನೀರು ಹಾಕಿ ಒಂದ್ಸಲ ತೊಳಿ” ಅಂದರು. ಒಂದು ವಾರ ಕಳೆಯುವುದರಲ್ಲಿ ಕಾಂಗೋ ಐಸ್ ಬಕೆಟ್ಟಿನಲ್ಲಿ ಬಟ್ಟೆ ಹಾಸಿ ಚಪಾತಿ ಇಡಲು ಶುರುಮಾಡಿದರು. ಮುಚ್ಚಳ ಗಟ್ಟಿ, ಒಳಡಬ್ಬಿಗೂ ಮರಕ್ಕೂ ನಡುವೆ ಗಾಳಿ ಇರುತ್ತದೆ, ತಂಪು ಕಾಯುವ ಪಾತ್ರೆ ಬಿಸಿಯನ್ನೂ ಕಾಯುತ್ತದೆ. ಈಗ ನಮ್ಮನೆಯಲ್ಲಿ ಅದಕ್ಕೆ ಚಪಾತಿ ಡಬ್ಬಿ ಅಂತಲೇ ಹೆಸರು.

ಬಳಸುವುದರ ಬಗ್ಗೆ ನನ್ನ ನಿಲುವು ಸರಳ. ಕಪಾಟಿನಲ್ಲಿಟ್ಟ ತೇಗ ಒಣಗಿ ಮಂಕಾಗುತ್ತದೆ, ಕೈ ಆಡಿದ ತೇಗ ಚೆನ್ನಾಗಿರುತ್ತದೆ. ಕೋಸಂಬರಿಗೆ ಆ ಸಲಾಡ್ ಬಟ್ಟಲಿಗಿಂತ ಒಳ್ಳೆಯದಿಲ್ಲ. ಚಕ್ಕುಲಿ, ಕೋಡುಬಳೆ, ಮಂಡಕ್ಕಿ, ಹಣ್ಣು, ಒಣ ಪಲ್ಯ ಎಲ್ಲ ಸೈ. ಹುಳಿ, ಸಾಂಬಾರು, ಗೊಜ್ಜು ಬೇಡ. ಬಿಸಿ, ಹುಳಿ, ಎಣ್ಣೆ, ಅರಿಶಿನ ನಾಲ್ಕೂ ಒಟ್ಟಿಗೆ ಸೇರಿದರೆ ಯಾವ ಮರ ತಾನೆ ತಡೆದೀತು? ಅರಿಶಿನದ ಕಲೆಯೊಂದಕ್ಕೆ ಮಾತ್ರ ಹೆದರಬೇಡಿ, ಎರಡು ಮೂರು ದಿನ ಬಿಸಿಲಿಗಿಟ್ಟರೆ ತಾನೇ ಮಾಸುತ್ತದೆ, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಒದ್ದೆ ಕಬ್ಬಿಣದ ಬಾಣಲೆಯನ್ನು ತೇಗದ ಮೇಲೆ ಇಡಬೇಡಿ, ಕಪ್ಪು ಉಂಗುರ ಬೀಳುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ.

ಡಿಶ್‌ವಾಷರ್ ಅಂತೂ ಶತ್ರು. ಫ್ಯೋರ್ಡ್ ಚಮಚಗಳು ಪೂರ್ತಿ ಸೆಟ್ ಸಿಗುವುದು ಕಷ್ಟವಾಗಲು ಅದೇ ಕಾರಣ, ಬಿಸಿನೀರು ಮತ್ತು ಸೋಪಿಗೆ ತೇಗದ ಹಿಡಿ ಬೆಳ್ಳಗಾಗಿ, ಸೀಳಿ, ಸ್ಟೀಲಿನಿಂದ ಬಿಟ್ಟುಕೊಂಡು ಬರುತ್ತದೆ. ಪಟ್ಟಿ ಜೋಡಿಸಿದ ಬಟ್ಟಲನ್ನು ನೀರಿನಲ್ಲಿ ನೆನೆಹಾಕಿದರೂ ಅಷ್ಟೆ, ಅಂಟು ಬಿಡುತ್ತದೆ. ಕೊಳ್ಳುವ ಮೊದಲು ಬಟ್ಟಲನ್ನು ಕಿಟಕಿಯ ಕಡೆ ಹಿಡಿದು ನೋಡಿ, ಪಟ್ಟಿಗಳ ನಡುವೆ ಬೆಳಕು ಕಂಡರೆ ವಾಪಸ್ ಇಟ್ಟುಬಿಡಿ. ಎಷ್ಟೇ ಅಗ್ಗವಾದರೂ.

ಹಳೆಯ ಬಟ್ಟಲು ಜಿಡ್ಡಾಗಿ, ಕಮಟು ವಾಸನೆ ಬರುತ್ತಿರುತ್ತದೆ, ಐವತ್ತು ವರ್ಷದ ಸಲಾಡ್ ಎಣ್ಣೆ ಅದು. ಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತಗಿನ ಬ್ರಷ್ಷಿನಿಂದ ಬೇಗ ತೊಳೆದು ಕೂಡಲೇ ಒರೆಸಿ ನೆರಳಿನಲ್ಲಿ ಒಣಗಿಸಿ. ವಾಸನೆ ಹೋಗದಿದ್ದರೆ ಅಡುಗೆ ಸೋಡಾ ಕಲಸಿ ಹಚ್ಚಿ. ಇನ್ನೂ ಗಲೀಜಿದ್ದರೆ 220 ನಂಬರಿನ ಉಪ್ಪುಕಾಗದ, ಆಮೇಲೆ 320, ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು. ಮುದ್ರೆ ಇರುವ ಜಾಗ ಮುಟ್ಟಲೇಬೇಡಿ. ಎಷ್ಟೋ ಒಳ್ಳೆಯ ಬಟ್ಟಲುಗಳ ಬಾತುಕೋಳಿಗಳನ್ನು ಜನ ಉಪ್ಪುಕಾಗದದಲ್ಲಿ ಉಜ್ಜಿ ಕೊಂದಿದ್ದಾರೆ. ಕೊನೆಗೆ ಎಣ್ಣೆ. ಊರಿಂದ ಯಾರೇ ಬಂದರೂ ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಾರೆ. ಬೇಡ. ಅಡುಗೆ ಎಣ್ಣೆಗಳು ಮರದೊಳಗೆ ಉಳಿದು ಕಮಟಾಗುತ್ತವೆ, ಮತ್ತೆ ಅದೇ ವಾಸನೆ. ತಿನ್ನುವ ಪಾತ್ರೆಗೆ ಬಳಸಬಹುದಾದ ಮಿನರಲ್ ಆಯಿಲ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಧಾರಾಳವಾಗಿ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒರೆಸಿ. ಮರ ಬಣ್ಣ ತುಂಬಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ, ಇದಕ್ಕಾಗಿಯೇ ನಾನು ಕೆಟ್ಟು ಹೋದವನ್ನೇ ಹುಡುಕಿ ತರುತ್ತೇನೇನೋ.

ಕೊನೆಗೆ ಒಂದು ಕಾನೂನಿನ ವಿಷಯ, ಊರಿಗೆ ಬರುವಾಗ ಸೂಟ್‌ಕೇಸಿಗೆ ಇಂಥವನ್ನು ತುಂಬುವವರಿಗಾಗಿ. ಅಳಿವಿನ ಅಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ತೇಗ ಇಲ್ಲ. ಬ್ರೆಜಿಲ್ಲಿನ ಜಕರಾಂಡಾ, ಅಂದರೆ ಅಲ್ಲಿನ ಬೀಟೆ, 1992ರಿಂದ ಸೈಟೀಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಅದಕ್ಕಿಂತ ಹಿಂದೆ ಮಾಡಿದ್ದು ಅಂತ ದಾಖಲೆ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ, ಬಟ್ಟಲು ಎಷ್ಟೇ ಹಳೆಯದಾದರೂ. ಅರವತ್ತರ ದಶಕದಲ್ಲಿ ಬ್ರೆಜಿಲ್ಲಿನಲ್ಲಿ ಇದರಲ್ಲಿ ತುಂಬ ಚೆಂದದ ಬಟ್ಟಲು, ಟ್ರೇಗಳನ್ನು ಮಾಡಿದ್ದಾರೆ, ಮಾರುವವರಲ್ಲಿ ಎಷ್ಟೋ ಜನಕ್ಕೆ ಈ ನಿಯಮವೇ ಗೊತ್ತಿರುವುದಿಲ್ಲ. ಮೆಕ್ಸಿಕೋದ ಕೊಕೊಬೋಲೊ 2013ರಲ್ಲಿ, ನಮ್ಮ ಬೀಟೆ ಸೇರಿದಂತೆ ಡಾಲ್ಬರ್ಜಿಯ ಕುಲದ ಮಿಕ್ಕವೆಲ್ಲ 2017ರ ಹೊತ್ತಿಗೆ ಎರಡನೇ ಪಟ್ಟಿಗೆ, ಅಂದರೆ ಪರವಾನಗಿ ಇದ್ದರೆ ಸಾಗಿಸಬಹುದಾದವುಗಳ ಪಟ್ಟಿಗೆ ಸೇರಿದವು. ಆ ನಿಯಮವನ್ನು ಆಮೇಲೆ ಸ್ವಲ್ಪ ಸಡಿಲ ಮಾಡಿ, ಪೂರ್ತಿ ತಯಾರಾದ ಸಾಮಾನಿಗೆ ಒಂದು ಸಾಗಣೆಗೆ ಮರದ ತೂಕ 10 ಕಿಲೋವರೆಗೆ ವಿನಾಯಿತಿ ಕೊಟ್ಟರು. ಕೊಕೊಬೋಲೊ ಬಟ್ಟಲುಗಳ ತೂಕಕ್ಕೆ ಆ 10 ಕಿಲೋ ಬೇಗ ಮುಗಿಯುತ್ತದೆ, ಟಿಕೆಟ್ ಮಾಡುವ ಮೊದಲು ಆಯಾ ದೇಶದ ಈಗಿನ ನಿಯಮ ಒಮ್ಮೆ ನೋಡಿಕೊಳ್ಳಿ. ಮಳೆಮರದ ಎಲೆ ಟ್ರೇ ತರುವವರಿಗೆ ಇದ್ಯಾವುದೂ ಬೇಕಾಗಿಲ್ಲ.